ಗೋಡೆಗೆ ಕೇಳಿಸಿದ ಅಳತೆ

"ಕೊರಳಲ್ಲಿರೋ ಟೇಪು ತೆಗೆದು ಪೆಟ್ಟಿಗೇಲಿಟ್ಬಿಡಿ ಟೈಲರ್ರೇ. ಈ ಬಾಗಿಲು ದಾಟೋ ಮುಂಚೇನೇ ಇಟ್ಬಿಡಿ."

ಬಾಗಿಲು ಕಾಯುವವನು ಇದನ್ನು ಹೇಳಿದ್ದು ಪಿಸುದನಿಯಲ್ಲಿ. ಹೇಳುವಾಗ ಅವನ ಕಣ್ಣು ಟೈಲರನ ಮುಖದ ಮೇಲಿರಲಿಲ್ಲ, ತಲೆಯ ಮೇಲೆ ಕಪ್ಪಾಗಿ ಬಾಗಿ ನಿಂತಿದ್ದ ಕಲ್ಲಿನ ಕಮಾನಿನ ಮೇಲಿತ್ತು. ಪಕ್ಕದ ಕೋಣೆಯಲ್ಲಿ ಯಾರೋ ಮಲಗಿದ್ದಾರೆ, ಎಚ್ಚರವಾದೀತು ಎನ್ನುವವರ ಧಾಟಿ ಅದು.

ಟೈಲರು ನಕ್ಕ. ನಗುವುದರಲ್ಲಿ ಅವನದು ಧಾರಾಳದ ಕೈ. "ಯಾಕೆ ಸ್ವಾಮಿ, ನನಗೂ ಒಂದು ಜೊತೆ ಹೊಲ್ಕೊಡು ಅಂತ ಗೋಡೆ ಗಂಟು ಬೀಳತ್ತಾ?"

ಅಷ್ಟು ದೊಡ್ಡ ಕಮಾನಿನೊಳಗೆ ಆ ನಗು ಮಾರ್ದನಿಗೊಡಬೇಕಿತ್ತು. ಕೊಡಲಿಲ್ಲ. ಒದ್ದೆ ಸುಣ್ಣದ ವಾಸನೆಯ ಕಲ್ಲುಗಳು ಅದನ್ನು ಬಿಸಿ ಮರಳು ನೀರು ಕುಡಿದಂತೆ ಕುಡಿದುಬಿಟ್ಟವು. ಟೈಲರು ಅದನ್ನು ಗಮನಿಸಲಿಲ್ಲ. ಅವನ ಮಗಳು ಗಮನಿಸಿದಳು.

"ಈ ಊರಲ್ಲಿ ಮೈ ಅಳೆಯಲ್ಲ," ಎಂದ ಬಾಗಿಲಿನವನು. "ಜನ ಅಳತೆ ಅಂಗಿ ತಂದ್ಕೊಡ್ತಾರೆ, ಅದನ್ನ ನೋಡ್ಕೊಂಡು ಹೊಲೀರಿ. ಅಪ್ಪಿತಪ್ಪಿ ಅಳೆದ್ರೂ ಅಳತೆ ಬಾಯಿಬಿಟ್ಟು ಆಡ್ಬೇಡಿ. ಗೋಡೆಗೆ ಕೇಳಿಸತ್ತೆ. ಹೇಳೋದು ನನ್ನ ಕೆಲಸ, ಹೇಳಿದ್ದೀನಿ."

"ಗೋಡೆಗೂ ಕಿವಿ ಇದೆ ಅನ್ನೋ ಮಾತು ನಾನೂ ಕೇಳಿದ್ದೆ. ನೀವು ಅದನ್ನ ನಿಜ ಅಂತಲೇ ನಂಬಿಬಿಟ್ಟಿದ್ದೀರಲ್ಲ!" ಎಂದು ಟೈಲರು ಮಗಳ ಕಡೆ ಕಣ್ಣು ಮಿಟುಕಿಸಿದ. ಹೊಲಿಗೆ ಮಿಷನ್ನು, ಇಸ್ತ್ರಿಪೆಟ್ಟಿಗೆ, ಎರಡು ಟ್ರಂಕುಗಳಿದ್ದ ಕೈಗಾಡಿಯನ್ನು ಬಾಗಿಲೊಳಕ್ಕೆ ತಳ್ಳಿದ. ಟೇಪು ಕೊರಳಲ್ಲೇ ಇತ್ತು.

ಮಗಳಿಗೆ ಹನ್ನೆರಡು ತುಂಬಿತ್ತು. ಅಪ್ಪ ಕರೆಯುತ್ತಿದ್ದುದು ಏಣಿ ಎಂದು. ಟೈಲರು ಸ್ವತಃ ಕುಳ್ಳ. ಅವನ ಟೇಪಿನ ಉದ್ದವೂ ಅವನ ಉದ್ದವೂ ಒಂದೇ. ಈ ಹುಡುಗಿಯೋ ಅವನ ಹಣೆಯ ತನಕ ಬಂದಿದ್ದಳು, ಹೊಲಿದ ಫ್ರಾಕು ಇಸ್ತ್ರಿಯ ಬಿಸಿ ಆರುವುದರೊಳಗೆ ಗಿಡ್ಡವಾಗುತ್ತಿತ್ತು. ತೀರಿಕೊಂಡ ಹೆಂಡತಿಯ ನೀಲಿ ಬಟ್ಟೆಯನ್ನು ಕತ್ತರಿಸಿ ಹೊಲಿದ ಒಂದು ಫ್ರಾಕಂತೂ ಮಡಿಕೆ ಬಿಚ್ಚಿ, ಪಟ್ಟಿ ಜೋಡಿಸಿ, ಮತ್ತೆ ಮಡಿಕೆ ಬಿಚ್ಚಿ, ಐದನೆಯ ವಯಸ್ಸಿನಿಂದ ಅವಳ ಜೊತೆಗೇ ಬೆಳೆದಿತ್ತು. ಬಿಚ್ಚಿದ ಒಂದೊಂದು ಮಡಿಕೆಯೂ ಬಟ್ಟೆಯ ಮೇಲೆ ಮಾಸಲು ಗೆರೆಯಾಗಿ ಉಳಿದಿತ್ತು. ತಾಯಿಯಿಲ್ಲದ ಕೂಸನ್ನು ಅವನು ಮಿಷನ್ನಿನ ಕೆಳಗೆ ಮಲಗಿಸಿ ಸಾಕಿದ. ಟೇಪಿನ ಮೇಲೆ ಬೆರಳಿಟ್ಟು ಅಂಕಿ ಕಲಿಸಿದ. ಅವಳು ಒಂದು ಬೆರಳು ಎತ್ತರವಾದರೆ ಬಾಳಿನಲ್ಲಿ ತಾನೇ ಏನನ್ನೋ ಗೆದ್ದಂತೆ ಅವನಿಗೆ. ಲೋಕದಲ್ಲಿ ಅವನದೆಂಬುದು ಅದೊಂದೇ ಇತ್ತು.

ಊರು ಗೋಡೆಯೊಳಗೆ ಬಾವಿಯ ತಳದಲ್ಲಿದ್ದಂತಿತ್ತು. ಗೋಡೆ ಅಷ್ಟು ಎತ್ತರ. ನೆತ್ತಿಯ ಸೂರ್ಯ ತುಸು ವಾಲಿದರೆ ಸಾಕು, ನೆರಳು ಓಣಿಗಳಿಗೆಲ್ಲ ಇಳಿದು, ಮಧ್ಯಾಹ್ನದ ತಟ್ಟೆ ತೊಳೆಯುವ ಹೊತ್ತಿಗೇ ದೀಪ ಹಚ್ಚಬೇಕು. ಎಲ್ಲೆಲ್ಲೂ ಪಾಚಿಯ, ಹೊಗೆಯ, ಒಣಗದ ಬಟ್ಟೆಯ ವಾಸನೆ. ಜನ ಮೆಲ್ಲಗೆ ನಡೆಯುತ್ತಿದ್ದರು, ಇನ್ನೂ ಮೆಲ್ಲಗೆ ಮಾತಾಡುತ್ತಿದ್ದರು. ಅವರ ಬಟ್ಟೆಗಳನ್ನು ನೋಡಿ ಟೈಲರನಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಒಬ್ಬನ ತೋಳು ಅವನ ಬೆರಳುಗಳನ್ನು ನುಂಗಿತ್ತು, ಇನ್ನೊಬ್ಬಳ ಭುಜ ಮೊಣಕೈಗೆ ಜಾರಿತ್ತು. ಹಳೆಯ ಅಂಗಿ ನೋಡಿ ಹೊಸದು, ಅದನ್ನು ನೋಡಿ ಮತ್ತೊಂದು. ತಾತನ ಗೂನುಬೆನ್ನಿಗೆಂದು ಹೊಲಿದದ್ದು ಮೊಮ್ಮಗನ ನೆಟ್ಟನೆಯ ಬೆನ್ನಿನ ಮೇಲೂ ಗೂನಾಗಿಯೇ ಕೂತಿತ್ತು.

"ಹಾಳೂರಿಗೆ ಉಳಿದೋನೇ ಗೌಡ ಅಂತಾರಲ್ಲ ಏಣಿ, ಇಲ್ಲಿ ನಾವೇ ಕಣೇ ಗೌಡರು," ಎಂದ ಟೈಲರು.

"ಅಪ್ಪಾ, ಇಲ್ಲಿ ಯಾಕೆ ಯಾರೂ ಜೋರಾಗಿ ಮಾತಾಡಲ್ಲ?"

"ಬಟ್ಟೆ ನೋಡ್ಕೊಂಡು ನಾಚಿಕೆ ಇರ್ಬೇಕು."

ಅಂಗಡಿಯ ಒಡತಿ ಒಬ್ಬಳು ಮುದುಕಿ. ಪಕ್ಕದ ಗೂಡಿನಲ್ಲಿ ಗುಂಡಿ, ಕೊಕ್ಕೆ, ದಾರದುಂಡೆ ಮಾರುತ್ತಿದ್ದಳು. ಊರಿಗೆಲ್ಲ ಅವಳು ಗುಂಡಿಯಜ್ಜಿ. ಬಾಡಿಗೆಯ ಮಾತೇ ಎತ್ತಲಿಲ್ಲ. ಊರಿಗೆ ಟೈಲರು ಬೇಕೆಂದು ಹೇಳಿಕಳಿಸಿದ್ದೇ ಊರವರು, ಇದ್ದುಕೋ ಎಂದಳು. ಅಂಗಡಿಯ ಹಿಂಬದಿಯ ಗೋಡೆ ಬೇರೆಯದಲ್ಲ, ಊರಗೋಡೆಯೇ. ಅದರಲ್ಲೊಂದು ಬಿರುಕು ಬಿಟ್ಟಿತ್ತು, ತೋಳು ತೂರುವಷ್ಟು ಅಗಲ. ಅದರೊಳಗಿಂದ ಇಳಿಹೊತ್ತಿನ ಬಿಸಿಲು ಒಂದು ಹೊಂಬಣ್ಣದ ಪಟ್ಟಿಯಾಗಿ ಬಂದು ಕೆಲಸದ ಮೇಜಿನ ಮೇಲೆ ಬೀಳುತ್ತಿತ್ತು. ಇಡೀ ಊರಿನಲ್ಲಿ ಆ ಹೊತ್ತಿಗೆ ಬಿಸಿಲು ಕಾಣುವ ಜಾಗ ಅದೊಂದೇ. ಟೈಲರು ಖುಷಿಯಾಗಿ ಮಿಷನ್ನನ್ನು ಅಲ್ಲೇ ಹಾಕಿದ.

"ಅದು ಬಿರುಕು ಬಿಟ್ಟಾಗಿನಿಂದ ಊರೋರಿಗೆ ನಿದ್ದೆ ಇಲ್ಲ," ಎಂದಳು ಅಜ್ಜಿ.

"ಗಾರೆ ಕೆಲಸದೋನನ್ನ ಕರೆಸಿದ್ರೆ ಅರ್ಧ ದಿನದ ಕೆಲಸ, ಅಜ್ಜಿ."

"ಗಾರೆಯಿಂದ ಮುಚ್ಚೋದಲ್ಲ ಅದು." ಮುದುಕಿ ಏಣಿಯನ್ನು ಕಾಲಿನಿಂದ ತಲೆಯ ತನಕ ನೋಡಿದಳು, ತಟ್ಟನೆ ಕಣ್ಣು ತೆಗೆದಳು. "ಅಳತೆ ಅಂಗಿ ತರದೆ ಇದ್ದೋರಿಗೆ ಹೊಲಿಯಲ್ಲ ಅಂದ್ಬಿಡು ಮಗಾ. ಅಷ್ಟು ಮಾಡು. ನಿನಗೂ ಒಳ್ಳೇದು, ಈ ಹುಡುಗಿಗೂ ಒಳ್ಳೇದು." ಹೋಗುವಾಗ ಬಿರುಕಿನ ಪಕ್ಕದ ಕಲ್ಲಿನ ಮೇಲೆ ಅಂಗೈಯಿಟ್ಟು ಒಂದು ಗಳಿಗೆ ನಿಂತಿದ್ದು ಹೋದಳು.

ಟೈಲರು ಕೆಲವು ದಿನ ತಡೆದುಕೊಂಡ. ಆದರೆ ಕೈಯಲ್ಲಿ ಕಸುಬಿರುವವನಿಗೆ ಹಾಳು ಕೆಲಸ ಮಾಡುವುದೆಂದರೆ ಕಲ್ಲು ಅಗಿದಂತೆ. ಒಂದು ಬೆಳಿಗ್ಗೆ ಬ್ರೆಡ್ಡು ಸುಡುವವನು ಅಂಗಿಯೊಂದನ್ನು ಹಿಡಿದು ಬಂದ. ಅದರ ಒಂದು ತೋಳು ಗೇಣುದ್ದ, ಇನ್ನೊಂದು ಮೊಳದುದ್ದ.

"ಇದು ಅಂಗಿಯೋ ಗೋಣಿಚೀಲವೋ? ಹೀಗೆ ನಿಂತ್ಕೊಳ್ಳಿ, ಎರಡು ನಿಮಿಷದಲ್ಲಿ ಅಳತೆ ತಗೋತೀನಿ."

ಟೇಪು ಭುಜಕ್ಕೆ ಸೋಕುವಷ್ಟರಲ್ಲಿ ಬ್ರೆಡ್ಡಿನವನು ಹೌಹಾರಿ ಬೀದಿಗೆ ಹಾರಿದ. "ಬೇಡ! ಮನೇಲಿ ಮಕ್ಕಳಿದಾವೆ, ಬೇಡ!"

ಟೈಲರನ ತಾಳ್ಮೆ ತಪ್ಪಿತು. ಜನ ನೆರೆದಿದ್ದರು. ಬಾಗಿಲು ಕಾಯುವವನೂ ಮೂಲೆಯಲ್ಲಿ ನಿಂತಿದ್ದ. ಟೈಲರು ಒಳಗಿಂದ ಏಣಿಯ ಕೈಹಿಡಿದು ಎಳೆತಂದು ಹೊಸ್ತಿಲ ಮೇಲೆ ನಿಲ್ಲಿಸಿದ.

"ನೋಡ್ರಪ್ಪಾ, ಎಲ್ಲಾರೂ ನೋಡಿ! ನನ್ನ ಸ್ವಂತ ಮಗಳು. ಇವಳನ್ನೇ ಅಳೀತೀನಿ. ಗೋಡೆ ಏನು ಕಿತ್ಕೊಳ್ಳತ್ತೋ ಕಿತ್ಕೊಳ್ಳಲಿ."

"ಅಪ್ಪಾ, ಬೇಡಪ್ಪಾ."

"ಸುಮ್ನಿರೇ. ಹೊಸ ಫ್ರಾಕು ಬೇಡವಾ? ಉದ್ದ, ಐವತ್ತೆಂಟು!" ಸಂತೆಯಲ್ಲಿ ಹರಾಜು ಕೂಗುವವನಂತೆ ಕೂಗಿದ. ಭುಜ ಕೂಗಿದ. ಎದೆ, ಸೊಂಟ, ತೋಳು ಕೂಗಿದ. ಕೊನೆಗೆ ಟೇಪನ್ನು ಅವಳ ಕೊರಳ ಸುತ್ತ ತಂದು ಕಾಲರಿನ ಅಳತೆಯನ್ನೂ ಕೂಗಿದ.

ಬೀದಿಯಲ್ಲಿ ಹುಲ್ಲುಕಡ್ಡಿಯೂ ಅಲ್ಲಾಡಲಿಲ್ಲ. ಆಮೇಲೆ ಒಂದೊಂದಾಗಿ ಕಿಟಕಿಗಳು ಮುಚ್ಚಿಕೊಂಡವು. ಯಾರೂ ಓಡಿಬಂದು ಅವನ ಬಾಯಿಗೆ ಕೈ ಅಡ್ಡ ಹಿಡಿದಿರಲಿಲ್ಲ. ಇದು ಅವನಿಗೆ ಹೊಳೆದದ್ದು ಬಹಳ ತಡವಾಗಿ. ಮಾತು ಮನೆ ಕೆಡಿಸಿತು, ತೂತು ಒಲೆ ಕೆಡಿಸಿತು ಎನ್ನುವ ಗಾದೆಯನ್ನು ಅವನಿಗೆ ಆ ಹೊತ್ತಿನಲ್ಲಿ ನೆನಪಿಸುವವರು ಯಾರಿದ್ದರು?

ಕೆಂಪು ಬಟ್ಟೆಯಲ್ಲಿ ಹೊಲಿದ ಫ್ರಾಕು ಏಣಿಯ ಮೈಗೆ ಎರಕ ಹೊಯ್ದಂತೆ ಕೂತಿತು. ಟೈಲರು ಅವಳನ್ನು ಓಣಿ ಓಣಿಯಲ್ಲಿ ನಡೆಸಿಕೊಂಡು ಬಂದ. ಕೆಲವು ದಿನಗಳಾದ ಮೇಲೆ ಅದರ ಭುಜ ಜಾರತೊಡಗಿತು.

"ಅಗ್ಗದ ಬಟ್ಟೆ, ಜಗ್ಗಿದೆ," ಎಂದು ಬಟ್ಟೆಯನ್ನು ಬೈದ. ಇಸ್ತ್ರಿಯನ್ನು ಬೈದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತಾಯಿತು ಅದು. ಹತ್ತು ಸಲ ಅಳೆ, ಒಂದು ಸಲ ಕತ್ತರಿಸು ಎಂದು ಕಸುಬು ಕಲಿಸಿದ ಗುರು ಹೇಳಿದ್ದ. ಆ ಮಾತನ್ನು ಟೈಲರು ಒಂದು ದಿನವೂ ಮೀರಿದವನಲ್ಲ. ಮಗಳನ್ನು ನಿಲ್ಲಿಸಿ ಮತ್ತೆ ಅಳೆದ. ಅಂಕಿಯನ್ನು ಬಾಯಿಬಿಟ್ಟು ಹೇಳದೆ ಅಳೆಯುವುದು ಅವನಿಗೆ ಬಾರದು. ಹೇಳಿದರೇ ನೆನಪಿನಲ್ಲಿ ನಿಲ್ಲುವುದು. "ಐವತ್ತೈದು," ಎಂದ. ಆ ದಿನ ತಪ್ಪು ಅಳೆದಿರಬೇಕು ಎಂದುಕೊಂಡ. ಮಾರನೆಯ ದಿನ ಮತ್ತೆ ಅಳೆದ.

ಆ ವಾರವೇ ಅವನ ಮೇಜಿನ ಮೇಲಿನ ಬಿಸಿಲು ಪಟ್ಟಿ ಬೆರಳಗಲ ಕಿರಿದಾಗಿತ್ತು. ಸೂರ್ಯ ದಿಕ್ಕು ಬದಲಿಸುತ್ತಿದ್ದಾನೆ ಎಂದುಕೊಂಡ. ಬಿರುಕಿನಿಂದ ಬರುವ ಗಾಳಿಯಲ್ಲಿ ಒದ್ದೆ ಸುಣ್ಣದ ಜೊತೆ ಇನ್ನೊಂದು ವಾಸನೆಯಿತ್ತು, ಅದನ್ನು ಮಾತ್ರ ಅವನಿಗೆ ಏನೂ ಅಂದುಕೊಳ್ಳಲಾಗಲಿಲ್ಲ. ಅದು ಏಣಿಯ ತಲೆಗೆ ಅವನೇ ದಿನಾ ಹಚ್ಚುತ್ತಿದ್ದ ಎಣ್ಣೆಯ ವಾಸನೆ.

"ಅಪ್ಪಾ," ಎಂದಳು ಒಂದು ಬೆಳಿಗ್ಗೆ ಏಣಿ, ಕಿಟಕಿಯ ಕೆಳಗೆ ನಿಂತು. "ಚಿಲಕ ಯಾಕೆ ಮೇಲೆ ಹೋಯ್ತು?"

ಟೈಲರು ಚಿಲಕವನ್ನೂ ಅವಳನ್ನೂ ನೋಡಿದ. ಟ್ರಂಕಿನ ತಳದಿಂದ ನೀಲಿ ಫ್ರಾಕನ್ನು ತೆಗೆದು ತೊಡಿಸಿದ. ಅಂಚು ಮೊಣಕಾಲು ದಾಟಿ ಮೀನಖಂಡಕ್ಕೆ ಇಳಿಯಿತು. ಹೋದ ವರ್ಷದ ಗೆರೆಗೆ ಮಡಿಸಿ ನೋಡಿದ, ಆಗಲೂ ಉದ್ದ. ಅದರ ಹಿಂದಿನ ವರ್ಷದ ಗೆರೆಗೆ ಮಡಿಸಿದ. ಅಲ್ಲಿಗೆ ಸರಿಹೋಯಿತು. ಮೊಣಕಾಲೂರಿ ಕೂತಿದ್ದವನು ಹಾಗೇ ಕೂತುಬಿಟ್ಟ. ಬಟ್ಟೆ ಸುಳ್ಳು ಹೇಳುವುದಿಲ್ಲ. ಅವನ ಮಗಳು ಬೆಳೆದ ದಾರಿಯಲ್ಲೇ ಹಿಂದಕ್ಕೆ ನಡೆಯುತ್ತಿದ್ದಳು.

ಅಂದಿನಿಂದ ಅವನು ಟೇಪು ಮುಟ್ಟಲಿಲ್ಲ. ಆದರೂ ಅವಳು ಕುಗ್ಗುವುದು ನಿಲ್ಲಲಿಲ್ಲ. ಕೇಳಿಸಬೇಕಾದದ್ದೆಲ್ಲ ಕೇಳಿಸಿಯಾಗಿತ್ತು. ಮಡಿಕೆಯ ಗೆರೆಗಳು ಒಂದೊಂದಾಗಿ ಮೇಲೇರಿದವು. ಜೋಡಿಸಿದ ಪಟ್ಟಿಗಳನ್ನು ಒಂದೊಂದಾಗಿ ಬಿಚ್ಚಿದ. ಅವಳ ಮುಖ ಗುಂಡಗಾಯಿತು, ಮಾತು ತೊದಲತೊಡಗಿತು, ಬಿದ್ದುಹೋಗಿದ್ದ ಹಾಲುಹಲ್ಲು ಮತ್ತೆ ಬಾಯಲ್ಲಿ ಕಂಡಿತು. ಒಂದು ಮಧ್ಯಾಹ್ನ, ಊರಿನ ಮೇಲೆ ನೆರಳು ಇಳಿಯುತ್ತಿರುವಾಗ, ಅವಳು ಅವನ ಅಂಗಿಯ ತುದಿ ಹಿಡಿದು ಕೇಳಿದಳು: "ಅಪ್ಪಾ, ಅಮ್ಮ ಎಲ್ಲಿ?"

ಆ ಸುದ್ದಿಯನ್ನು ಅವನು ಒಮ್ಮೆ ಅವಳಿಗೆ ಹೇಳಿದ್ದ. ಆಗ ಅವಳು ಅತ್ತದ್ದು ಅವನ ಕಿವಿಯಲ್ಲಿ ಇನ್ನೂ ಇತ್ತು. ಎರಡನೆಯ ಸಲ ಹೇಳಲು ಅವನಿಗೆ ಎದೆಯಿರಲಿಲ್ಲ.

"ಮುಂದಿನ ಊರಲ್ಲಿದ್ದಾಳೆ ಪುಟ್ಟಾ. ನಡಿ, ಹೋಗೋಣ."

ಮಿಷನ್ನು ಬಿಟ್ಟ. ಟ್ರಂಕು ಬಿಟ್ಟ. ಮಗಳನ್ನು ಸೊಂಟದ ಮೇಲೆ ಹೊತ್ತು ಊರಬಾಗಿಲಿಗೆ ಓಡಿದ. ಬಾಗಿಲು ಕಾಯುವವನು ತಡೆಯಲಿಲ್ಲ, ಪಕ್ಕಕ್ಕೆ ಸರಿದು ದಾರಿಬಿಟ್ಟ. ಕಮಾನಿನಾಚೆ ಬಯಲು, ಬಯಲಿನ ತುಂಬ ಬಿಸಿಲು. ಹೊಸ್ತಿಲಿನ ಆಚೆ ಒಂದು ಕಾಲಿಟ್ಟ. ಏಣಿ ಚೀರಿದಳು. ಅವಳು ಅವನ ಕೈಯಲ್ಲೇ ಜಗ್ಗುತ್ತಿದ್ದಳು. ಹೊಲಿಗೆಯ ಎಳೆಯೊಂದನ್ನು ಯಾರೋ ಹಿಂದಿನಿಂದ ಹಿಡಿದೆಳೆದರೆ ಬಟ್ಟೆ ನಿರಿಗೆಗಟ್ಟಿ ಸುರುಟುವುದಲ್ಲ, ಹಾಗೆ ಆ ಪುಟ್ಟ ಮೈ ಸುರುಟಿತು. ಟೈಲರು ಒಳಕ್ಕೆ ಬಿದ್ದ. ಚೀರಾಟ ನಿಂತಿತು.

"ಗೋಡೆ ಎಳೀತಿರೋವಾಗ ದಾಟೋಕಾಗಲ್ಲ," ಎಂದ ಬಾಗಿಲಿನವನು. ಅವನ ದನಿಯಲ್ಲಿ ಕೆಡುಕಿರಲಿಲ್ಲ. "ನಾನು ಹೇಳಿದ್ದೆ ಟೈಲರ್ರೇ. ಹೇಳಿರಲಿಲ್ಲವಾ?"

ಆಗ ಅವನಿಗೆ ಅರ್ಥವಾಯಿತು. ಗೋಡೆ ಬಿರುಕು ಬಿಟ್ಟಿತ್ತು. ಊರಿಗೆ ಟೈಲರು ಬೇಕಾಗಿದ್ದ. ಎಚ್ಚರಿಕೆ ಹೇಳುವುದು ಅವರ ಧರ್ಮ, ಹೇಳಿದ್ದರು. ಕೇಳದವನೊಬ್ಬ ಬರಲಿ ಎಂದು ಕಾದೂ ಇದ್ದರು.

ಗುಂಡಿಯಜ್ಜಿಯ ಗೂಡಿಗೆ ನುಗ್ಗಿ ಅವಳ ಕಾಲು ಹಿಡಿದ. ಅವನ ತೊಡೆಯ ಮೇಲೆ ಏಣಿ ಗುಂಡಿಗಳ ಡಬ್ಬಿ ಅಲುಗಿಸುತ್ತ ಕೂತಿದ್ದಳು.

"ಕೆಟ್ಟ ಮೇಲೆ ಬುದ್ಧಿ ಬಂತು ಅಜ್ಜಿ. ಬೈಯಿರಿ, ಉಗೀರಿ. ದಾರಿ ಒಂದು ಹೇಳಿ."

ಮುದುಕಿ ಬಿಚ್ಚಿದ್ದ ದಾರವನ್ನೆಲ್ಲ ಉಂಡೆಗೆ ಸುತ್ತಿಟ್ಟಳು. ಗೂಡಿನಲ್ಲಿ ದೀಪದ ಬತ್ತಿ ಚಟಚಟ ಎನ್ನುತ್ತಿತ್ತು. "ಕಟ್ಟೋವಾಗ ಈ ಗೋಡೆ ನಿಲ್ತಿರಲಿಲ್ವಂತೆ," ಎಂದಳು ಕೊನೆಗೆ. "ಒಬ್ಬ ಮಾಟಗಾರ ಬಂದ. ಊರಿನ ಟೈಲರನ ಕೈಯಲ್ಲಿ ಜನರ ಮೈ ಅಳೆಸಿದ, ಗೋಡೆಗೆ ಕೇಳೋ ಹಾಗೆ ಕೂಗಿಸಿದ. ಗೋಡೆ ನಿಲ್ತು. ಅವನು ಹೋದ, ಅವನು ಹಚ್ಚಿದ ಹಸಿವು ಹೋಗಲಿಲ್ಲ." ಧ್ವನಿ ಇನ್ನೂ ತಗ್ಗಿಸಿದಳು. "ನಮ್ಮ ಯಜಮಾನರೂ ಟೈಲರೇ. ನಿನ್ನ ಹಾಗೇ ನಗ್ತಿದ್ರು. ಮದುವೆಯಾದ ಹೊಸದರಲ್ಲಿ ನನ್ನನ್ನ ಅಳೆದ್ರು."

"ನೀವು ಇದ್ದೀರಲ್ಲ! ಹೇಗೆ?"

"ಅಳೆದ ಟೇಪಿನಲ್ಲೇ, ಅಳೆಸ್ಕೊಂಡೋರು ಅಳೆದೋರನ್ನ ಅಳೀಬೇಕು. ಗೋಡೆಯ ಬುಡದಲ್ಲಿ, ಬಾಯಿಬಿಟ್ಟು ಹೇಳ್ಬೇಕು. ಒಂದು ಕೊಟ್ರೆ ಒಂದು ವಾಪಸ್ಸು. ಉದ್ದಕ್ಕೆ ಉದ್ದ, ಎದೆಗೆ ಎದೆ. ಅವರು ಎಲ್ಲಾನೂ ಕೊಡಿಸಿದ್ರು ನನ್ನ ಕೈಯಿಂದ. ನಂಗೆಲ್ಲಾ ವಾಪಸ್ಸು ಬಂತು." ಅಂಗೈಯನ್ನು ಗೋಡೆಯ ಕಲ್ಲಿಗೆ ಒತ್ತಿದಳು. "ಅವರು ಇಲ್ಲಿದ್ದಾರೆ."

"ಬೇರೆ ದಾರಿ ಇಲ್ವಾ?"

"ಟೇಪನ್ನ ಕತ್ತರಿಸಿ ಬಿರುಕಿಗೆ ತುರುಕು. ಎಳೆಯೋದು ನಿಲ್ಲತ್ತೆ, ಬಾಗಿಲು ದಾಟಬಹುದು. ಆದ್ರೆ ಹೋಗಿದ್ದು ಹೋದ ಹಾಗೇನೆ. ಇವಳು ಇನ್ನು ಬೆಳೆಯಲ್ಲ. ನೀನು ಸಾಯೋ ದಿನಾನೂ ಇವಳು ಇಷ್ಟೇ ಇರ್ತಾಳೆ." ಏಣಿ ಡಬ್ಬಿ ಅಲುಗಿಸುವುದನ್ನು ನಿಲ್ಲಿಸಿ ಅಜ್ಜಿಯ ಬಾಯನ್ನೇ ನೋಡುತ್ತಿದ್ದಳು. "ಬೇಗ ನಿರ್ಧಾರ ಮಾಡು ಮಗಾ. ಇನ್ನೂ ಸ್ವಲ್ಪ ಚಿಕ್ಕವಳಾದ್ರೆ ಇವಳಿಗೆ ಅಂಕಿ ಮರೆತುಹೋಗತ್ತೆ. ಆಮೇಲೆ ಯಾವ ದಾರೀನೂ ಇಲ್ಲ."

ಅಳೆದು ತೂಗಿ ನೋಡುವಂಥದ್ದು ಅದರಲ್ಲಿ ಏನೂ ಇರಲಿಲ್ಲ. ಅವಳ ಮುಂದಿನ ಮಡಿಕೆಗಳೆಲ್ಲ ಇನ್ನೂ ಬಿಚ್ಚಬೇಕಿತ್ತು. ಅವನದು ಬಿಚ್ಚಿ ಮುಗಿದಿತ್ತು.

ಅಂಗಡಿಯಲ್ಲಿ ಮೇಜಿನ ಮೇಲೆ ಬಿಸಿಲು ಈಗ ಒಂದು ದಾರದಷ್ಟಿತ್ತು. ಟೈಲರು ಬಿರುಕಿನ ಬುಡದಲ್ಲಿ ನೆಲದ ಮೇಲೆ ಅಂಗಾತ ಮಲಗಿದ. ಕಲ್ಲಿನ ತಂಪು ಬೆನ್ನಿಗೆ ಹತ್ತಿತು. ಕಲ್ಲಿನೊಳಗೆ ಏನೋ ಉಸಿರು ಬಿಗಿಹಿಡಿದಿತ್ತು. ಹೊರಗೆ ಬೀದಿಯಲ್ಲಿ ಕಾಲುಗಳು ಬಂದು ನಿಂತ ಸದ್ದು.

"ಆಟ ಆಡೋಣ ಏಣಿ. ಇವತ್ತು ನೀನು ಟೈಲರು, ನಾನು ಗಿರಾಕಿ."

ಅವಳು ಕೇಕೆ ಹಾಕಿ ನಕ್ಕಳು. ಟೇಪಿನ ಒಂದು ತುದಿಯನ್ನು ಅವನ ಹಿಮ್ಮಡಿಗೆ ಒತ್ತಿ ಇಟ್ಟಳು, ತಲೆಯ ತನಕ ತೆವಳಿಕೊಂಡು ಬಂದಳು.

"ಎಷ್ಟಿದೆ ಹೇಳು?"

"ಆರು ಇದೆ. ಆಮೇಲೆ ಸೊನ್ನೆ ಇದೆ."

"ಜಾಣೆ. ಅದಕ್ಕೆ ಏನಂತಾರೆ?"

ಅವಳು ಯೋಚಿಸಿದಳು. ತುಟಿ ಕಚ್ಚಿದಳು. ಬಿಸಿಲಿನ ದಾರ ನಡುಗಿತು. ಟೈಲರು ಬಾಯಿ ಬಿಡುವಂತಿರಲಿಲ್ಲ, ಹೇಳಬೇಕಾದವಳು ಅವಳೇ. ಮಿಷನ್ನಿನ ಕೆಳಗೆ ಕೂರಿಸಿ ಕಲಿಸಿದ ಅಂಕಿಗಳೇ, ಕೈಬಿಡಬೇಡಿ ಎಂದು ಮನಸ್ಸಿನಲ್ಲೇ ಬೇಡಿಕೊಂಡ.

"ಅರವತ್ತು!"

ಗೋಡೆ ಉಸಿರೆಳೆದುಕೊಂಡಿತು.

ಅಂಗಾಲಿನಿಂದ ಏನೋ ಜಾರಿತು. ಚಪ್ಪಲಿ ಕಳಚಿ ಬಿತ್ತು. ಹುಡುಗಿಯ ಕಾಲು ಉದ್ದವಾಯಿತು, ನೀಲಿ ಫ್ರಾಕಿನ ಅಂಚು ಅವಳ ಮೊಣಕಾಲಿಗೇರಿತು.

"ಇನ್ನೂ... ಭುಜ."

ಹೇಳಿದಳು. ಅವನ ಅಂಗಿಯ ಭುಜ ಸಡಿಲವಾಯಿತು. ಅವನಿಗೆ ಊರವರ ಮುಖಗಳು ಮರೆತುಹೋದವು.

"ಎದೆ."

ಹೇಳಿದಳು. ಈಗ ತೊದಲಿಲ್ಲ. ಹೆಂಡತಿಯ ಮುಖವನ್ನು ಹಿಡಿದುಕೊಳ್ಳಲು ನೋಡಿದ, ಸಿಗಲಿಲ್ಲ. ಅವಳು ಹಾಡುತ್ತಿದ್ದಳೋ? ಯಾರು ಹಾಡುತ್ತಿದ್ದರು?

"ಸೊಂಟ ಹೇಳು. ಬೇಗ."

ಹೇಳಿದಳು. ಹೊಲಿಗೆ ಕಿತ್ತ ಸದ್ದು. ನೀಲಿ ಫ್ರಾಕು ಬೆನ್ನಿನಲ್ಲಿ ಬಿರಿದಿತ್ತು. ಅವಳು ಕೆಂಪು ಫ್ರಾಕನ್ನು ಎಳೆದು ಮೇಲೆ ಹಾಕಿಕೊಂಡಳು. ಅವಳ ಕಣ್ಣು ದೊಡ್ಡದಾಗಿತ್ತು. ಆ ಕಣ್ಣಿಗೆ ತಿಳುವಳಿಕೆ ಬರುತ್ತಿತ್ತು. ಬಂದಂತೆಲ್ಲ ಹೆದರಿಕೆಯೂ ಬರುತ್ತಿತ್ತು.

"ಅಪ್ಪಾ, ಇದು ಆಟ ಅಲ್ಲ."

"ತೋಳು," ಎಂದ ಅವನು. ಅವನ ದನಿ ಅವನಿಗೇ ತೆಳ್ಳಗೆ ಕೇಳಿಸಿತು. "ತೋಳು ಹೇಳೇ, ನಿನ್ನ ಕಾಲಿಗೆ ಬೀಳ್ತೀನಿ."

ಅಳುತ್ತಲೇ ಹೇಳಿದಳು. ಅವನ ಕೈ ಅಂಗಿಯ ತೋಳಿನೊಳಗೆ ಕಾಣೆಯಾಯಿತು. ಬಿರುಕು ಕೂದಲೆಳೆಯಷ್ಟಾಗಿತ್ತು. ಈಗ ಅವಳು ಎತ್ತರ, ಬಹಳ ಎತ್ತರ, ಏಣಿಯ ಹಾಗೆ. ಯಾರನ್ನೋ ಹಾಗೆ ಕರೆಯುತ್ತಿದ್ದರು. ಯಾರನ್ನು?

"ಕೊರಳು... ಕೊರಳು ಬಾಕಿ," ಎಂದ. ಯಾಕೆ ಬಾಕಿ ಎಂಬುದು ಮರೆತುಹೋಗಿತ್ತು. ಬಾಕಿ ಇದೆ ಎಂಬುದಷ್ಟು ನೆನಪಿತ್ತು.

ಟೇಪು ಅವನ ಕೊರಳ ಸುತ್ತ ಬಂತು. ತಣ್ಣಗಿತ್ತು. ಅಂಕಿ ಅವಳ ಕಣ್ಣಮುಂದೆ ಇತ್ತು. ಬೀದಿ ಕಾಯುತ್ತಿತ್ತು. ಗೋಡೆ ಕಾಯುತ್ತಿತ್ತು. ಕಲ್ಲಿನೊಳಗೆ ನೂರು ಉಸಿರುಗಳು ಒಟ್ಟಿಗೆ ನಿಂತಿದ್ದವು. ಅವಳ ತುಟಿ ತೆರೆಯಿತು.

ತೆರೆದ ತುಟಿಯನ್ನು ಅವಳು ಹಲ್ಲಿನಿಂದ ಕಚ್ಚಿ ಮುಚ್ಚಿದಳು. ರಕ್ತ ಬಂತು. ಮೇಜಿನ ಮೇಲಿನ ಕತ್ತರಿ ತೆಗೆದಳು. ಕಚಕ್. ಟೇಪಿನ ಎರಡು ತುಂಡುಗಳನ್ನೂ ಬಿರುಕಿಗೆ ತುರುಕಿದಳು. ಕಲ್ಲು ಕಲ್ಲಿಗೆ ಕೂಡಿಕೊಂಡಿತು. ಬಿಸಿಲಿನ ದಾರ ಹರಿದುಹೋಯಿತು.

ಕತ್ತಲಲ್ಲಿ ಯಾರೋ ಬಿಕ್ಕುತ್ತಿದ್ದರು. ಪುಟ್ಟ ಮಗುವಿನ ಬಿಕ್ಕು. ತನ್ನಷ್ಟೇ ಪುಟ್ಟ ಇನ್ನೊಂದು ಮಗು ಇಲ್ಲಿದೆಯೇ ಎಂದು ಅವನು ಸುತ್ತ ನೋಡಿದ. ಇರಲಿಲ್ಲ. ಕೆಂಪು ಫ್ರಾಕಿನ ಉದ್ದನೆಯ ಹುಡುಗಿಯೊಬ್ಬಳಿದ್ದಳು, ಆ ಸದ್ದು ಅವಳ ಗಂಟಲಿನಿಂದ ಬರುತ್ತಿತ್ತು. ಅವಳು ಅವನನ್ನು ದೊಡ್ಡ ಅಂಗಿಯೊಂದರ ಸಮೇತ ಬಾಚಿ ಎತ್ತಿಕೊಂಡಳು. ಅವಳ ತಲೆಯಲ್ಲಿ ಎಣ್ಣೆಯ ವಾಸನೆಯಿತ್ತು. ಅದು ಅವನಿಗೆ ಇಷ್ಟವಾಯಿತು.

ಬೀದಿಯ ತುಂಬ ಜನ. ದೊಡ್ಡ ದೊಡ್ಡ ಬಟ್ಟೆಯವರು. ಒಬ್ಬರೂ ಮುಖ ಎತ್ತಲಿಲ್ಲ. ಮುದುಕಿಯೊಬ್ಬಳು ಅವನ ಕೈಗೆ ಒಂದು ಕೆಂಪು ಗುಂಡಿ ಇಟ್ಟಳು. ಅವನು ಅದನ್ನು ಬಾಯಿಗೆ ಹಾಕಿಕೊಳ್ಳಲು ಹೋದ, ಹುಡುಗಿ ಮೆಲ್ಲಗೆ ತಡೆದಳು.

ಕಲ್ಲಿನ ಕಮಾನಿನ ಕೆಳಗೆ ಒಬ್ಬ ಮನುಷ್ಯ ನಿಂತಿದ್ದ. "ಒಂದು ಅಳತೆ ಉಳಿಸ್ಕೊಂಡ್ಯಲ್ಲಮ್ಮಾ," ಎಂದ. "ಅದಕ್ಕೇ ನಿನ್ನ ಕೊರಳು ವಾಪಸ್ಸು ಬರಲಿಲ್ಲ. ಆ ದನಿ ಇನ್ನು ಹಾಗೇ."

ಹುಡುಗಿ ಅಂಗಿಯೊಳಗಿನ ಪುಟ್ಟ ಮೈಯನ್ನು ಸೊಂಟದ ಮೇಲೆ ಸರಿಯಾಗಿ ಕೂರಿಸಿಕೊಂಡಳು.

"ಅವರೂ ಇನ್ನು ಬೆಳೆಯಲ್ಲ. ಗೊತ್ತು ತಾನೆ?"

"ಗೊತ್ತು," ಎಂದಳು ಆ ಎಳೆಯ ದನಿಯಲ್ಲಿ. "ನನ್ನ ತೊಡೆ ಮೇಲೆ ಕೂರೋ ಅಷ್ಟಾದ್ರೂ ಉಳಿದ್ರಲ್ಲ."

ಹೊಸ್ತಿಲು ದಾಟಿದರು. ಏನೂ ಜಗ್ಗಲಿಲ್ಲ. ಆಚೆ ಅಷ್ಟೊಂದು ಬಿಸಿಲಿತ್ತು. ಅವನು ಕಣ್ಣು ಕಿರಿದು ಮಾಡಿ ನಕ್ಕ. ಅವಳು ಅವನನ್ನು ಕೆಳಗಿಳಿಸಿ, ಅಂಗಿಯ ತೋಳನ್ನು ಮಡಿಸಿ, ಮತ್ತೆ ಮಡಿಸಿ, ಅವನ ಬೆರಳು ಹುಡುಕಿ ಹಿಡಿದುಕೊಂಡಳು. ಹಿಂದೆ ಗೋಡೆ ನುಣ್ಣಗೆ, ಬಿರುಕಿಲ್ಲದೆ ನಿಂತಿತ್ತು. ಸ್ವಲ್ಪ ದೂರ ನಡೆದ ಮೇಲೆ ಅವನಿಗೆ ಹಸಿವಾಯಿತು. ಹಸಿವಾದಾಗ ಯಾರನ್ನು ಕೇಳಬೇಕೆಂಬುದು ಅವನಿಗೆ ನೆನಪಿತ್ತು.

"ಅಕ್ಕಾ, ನಮ್ಮಮ್ಮ ಎಲ್ಲಿ?"

ಹುಡುಗಿ ನಿಂತಳು. ಅವನ ಅಂಗಿಯ ಕಾಲರನ್ನು ಸುಮ್ಮನೆ ಸರಿಮಾಡಿದಳು, ಆಗಲೇ ಸರಿಯಿದ್ದದ್ದನ್ನು ಮತ್ತೆ ಸರಿಮಾಡಿದಳು.

"ಮುಂದಿನ ಊರಲ್ಲಿದ್ದಾಳೆ ಪುಟ್ಟಾ," ಎಂದಳು. "ನಡಿ, ಹೋಗೋಣ."